ಪಿಡಿಎಫ್ ಫಾರ್ಮ್ ತುಂಬಲು, ತಿದ್ದಲು ಕಡಿಮೆ ಖರ್ಚಿನ ಸಾಫ್ಟ್‌ವೇರ್: ಯಾವ ಕ್ರಮದಲ್ಲಿ ಹುಡುಕಬೇಕು, ಎಲ್ಲಿ ಎಡವುತ್ತೇವೆ

ಫಾರ್ಮ್ ಬಂದಿದೆ, ತುಂಬಿ ಕಳಿಸಬೇಕು. ಹುಡುಕಿದಾಗ ಮೊದಲು ಕಂಡ 'ಫ್ರೀ ಪಿಡಿಎಫ್ ಎಡಿಟರ್' ಇಳಿಸಿಕೊಂಡು, ಕೂತು ಎಲ್ಲ ಕಾಲಂ ತುಂಬಿ, ಕೊನೆಗೆ ಸೇವ್ ಒತ್ತಿದರೆ ಹಣ ಕೇಳುತ್ತದೆ. ಇಲ್ಲವೇ ಸೇವ್ ಆಗುತ್ತದೆ, ಆದರೆ ಪ್ರತಿ ಪುಟದ ಮೇಲೂ ಕಂಪನಿಯ ಹೆಸರು ಅಡ್ಡಡ್ಡ ಮೂಡಿರುತ್ತದೆ. ಎಲ್ಲಕ್ಕಿಂತ ಬೇಸರದ ಸಂಗತಿ ಅಂದರೆ, ನಮ್ಮ ಪರದೆಯಲ್ಲಿ ಎಲ್ಲ ಸರಿಯಾಗಿ ಕಂಡು, ಕಳಿಸಿದ ಮೇಲೆ ಅತ್ತ ಕಡೆಯಿಂದ 'ಫಾರ್ಮ್ ಖಾಲಿ ಬಂದಿದೆ' ಅನ್ನುವ ಉತ್ತರ ಬರುವುದು. ಜನ ಮತ್ತೆ ಮತ್ತೆ ಕೇಳುವುದು ಈ ಮೂರೇ ತೊಂದರೆಗಳ ಬಗ್ಗೆ. ಮೂರಕ್ಕೂ ಮೂಲ ಒಂದೇ. ಕೈಯಲ್ಲಿರುವ ಫೈಲ್ ಯಾವ ಬಗೆಯದು ಅಂತ ನೋಡುವ ಮೊದಲೇ ಸಾಫ್ಟ್‌ವೇರ್ ಹುಡುಕಲು ಹೊರಟುಬಿಡುತ್ತೇವೆ.

ಈ ಕ್ರಮವನ್ನು ಬದಲಿಸಿ. ಮೊದಲು ಫೈಲ್ ನೋಡಿ, ಆಮೇಲೆ ಮಾಡಬೇಕಾದ ಕೆಲಸ, ಆಮೇಲೆ ಈಗಾಗಲೇ ನಿಮ್ಮ ಕಂಪ್ಯೂಟರಿನಲ್ಲಿ ಇರುವ ಸಾಧನ. ಹಣದ ಮಾತು ಕೊನೆಗೆ. ಬರೀ ಫಾರ್ಮ್ ತುಂಬುವವರಲ್ಲಿ ಹೆಚ್ಚಿನವರಿಗೆ ಆ ಕೊನೆಯ ಹಂತ ಬರುವುದೇ ಇಲ್ಲ.

## ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಿ

ಬೇಕಾದದ್ದು ಜಾಸ್ತಿ ಏನಿಲ್ಲ. ಖಾಲಿ ಫಾರ್ಮಿನ ಮೂಲ ಫೈಲ್, ಅದರ ಒಂದು ನಕಲು, ಮತ್ತು ಪಿಡಿಎಫ್ ತೆರೆಯುವ ಎರಡು ಬೇರೆ ಬೇರೆ ಸಾಫ್ಟ್‌ವೇರ್. ಒಂದು ಬ್ರೌಸರ್ ಆಗಿರಲಿ (ಫೈರ್‌ಫಾಕ್ಸ್, ಕ್ರೋಮ್, ಎಡ್ಜ್ ಯಾವುದಾದರೂ ಸರಿ), ಇನ್ನೊಂದು ಅಡೋಬಿ ಅಕ್ರೋಬ್ಯಾಟ್ ರೀಡರ್ ಆಗಿರಲಿ. ರೀಡರ್‌ಗೆ ಹಣ ಇಲ್ಲ, ಅದನ್ನು ಅಡೋಬಿಯ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಲಿನಕ್ಸ್ ಬಳಸುವವರು ಅದರ ಜಾಗದಲ್ಲಿ ಓಕ್ಯುಲರ್ ಇಟ್ಟುಕೊಳ್ಳಬಹುದು.

ಎರಡು ಯಾಕೆ ಅಂದರೆ, ಒಂದರಲ್ಲಿ ತುಂಬಿದ್ದು ಇನ್ನೊಂದರಲ್ಲಿ ಕಾಣುತ್ತದೋ ಇಲ್ಲವೋ ಅನ್ನುವ ಪರೀಕ್ಷೆಯೇ ಈ ಇಡೀ ಕೆಲಸದ ಜೀವಾಳ. ಮುಂದೆ ಹಲವು ಕಡೆ ಅದು ಬರುತ್ತದೆ.

ಮೂಲ ಫೈಲನ್ನು ಮುಟ್ಟಬೇಡಿ. ನಕಲಿನ ಹೆಸರಿನಲ್ಲಿ 'ತುಂಬಿದ್ದು' ಅಂತ ಸೇರಿಸಿ, ಅದರಲ್ಲೇ ಕೆಲಸ ಮಾಡಿ.

## ಹಂತ 1: ನಿಮ್ಮ ಪಿಡಿಎಫ್ ಯಾವ ಬಗೆಯದು ಗುರುತಿಸಿ

ಹೊರಗಿನಿಂದ ಎಲ್ಲ ಪಿಡಿಎಫ್ ಫಾರ್ಮುಗಳೂ ಒಂದೇ ಥರ ಕಾಣುತ್ತವೆ. ಒಳಗೆ ನಾಲ್ಕು ಬಗೆ ಇದೆ. ಒಂದು ಬಗೆಗೆ ಒಗ್ಗುವ ಸಾಧನ ಇನ್ನೊಂದಕ್ಕೆ ಒಗ್ಗುವುದಿಲ್ಲ. ಇಲ್ಲಿ ಐದು ನಿಮಿಷ ಕೊಟ್ಟರೆ ಮುಂದಿನ ಅರ್ಧ ಗೊಂದಲ ತಪ್ಪುತ್ತದೆ.

ಮೊದಲನೆಯದು, ತುಂಬುವ ಕಾಲಂ ಇರುವ ಫಾರ್ಮ್. ಇದರ ತಾಂತ್ರಿಕ ಹೆಸರು ಅಕ್ರೋಫಾರ್ಮ್. ಫೈಲನ್ನು ಬ್ರೌಸರಿನಲ್ಲಿ ತೆರೆದು 'ಹೆಸರು' ಅನ್ನುವ ಜಾಗದ ಪಕ್ಕ ಕ್ಲಿಕ್ ಮಾಡಿ. ತಿಳಿ ನೀಲಿ ಬಣ್ಣದ ಪೆಟ್ಟಿಗೆ ಕಂಡು, ಅದರೊಳಗೆ ಕರ್ಸರ್ ಮಿನುಗಿದರೆ ಇದೇ ಬಗೆ. ಟ್ಯಾಬ್ ಕೀ ಒತ್ತಿದರೆ ಮುಂದಿನ ಕಾಲಂಗೆ ಹೋಗುತ್ತದೆ. ಇಂಥದ್ದು ಸಿಕ್ಕರೆ ಸಮಾಧಾನ, ಉಚಿತ ಸಾಧನಗಳೇ ಸಾಕು.

ಎರಡನೆಯದು, ಎಕ್ಸ್‌ಎಫ್‌ಎ ಫಾರ್ಮ್. ಹಲವು ಸಾಫ್ಟ್‌ವೇರ್‌ಗಳಲ್ಲಿ ತೆರೆದ ಕೂಡಲೇ ಫಾರ್ಮ್ ಬದಲು ಒಂದೇ ಪುಟ ಕಾಣುತ್ತದೆ. 'ಪ್ಲೀಸ್ ವೇಟ್' ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತದೆ, ಕೆಳಗೆ ನಿಮ್ಮ ವೀಕ್ಷಕಕ್ಕೆ (ಪಿಡಿಎಫ್ ತೋರಿಸುವ ಸಾಫ್ಟ್‌ವೇರ್‌ಗೆ) ಈ ಬಗೆಯ ಫೈಲ್ ತೋರಿಸಲು ಆಗದಿರಬಹುದು ಅನ್ನುವ ಅರ್ಥದ ಸಾಲುಗಳಿರುತ್ತವೆ. ಎಷ್ಟು ಹೊತ್ತು ಕಾದರೂ ಪುಟ ಬದಲಾಗುವುದಿಲ್ಲ. ಬಹಳ ಜನ ಇದನ್ನು ನೋಡಿ ಫೈಲ್ ಹಾಳಾಗಿದೆ ಅಂದುಕೊಂಡು ಮತ್ತೆ ಮತ್ತೆ ಡೌನ್‌ಲೋಡ್ ಮಾಡುತ್ತಾರೆ. ಫೈಲ್ ಸರಿಯಾಗಿಯೇ ಇದೆ, ತೆರೆದ ಸಾಫ್ಟ್‌ವೇರ್ ಬೇರೆ ಆಗಬೇಕು ಅಷ್ಟೇ. 2017ರಲ್ಲಿ ಬಂದ ಪಿಡಿಎಫ್ 2.0 ಮಾನದಂಡ ಈ ಎಕ್ಸ್‌ಎಫ್‌ಎ ಪದ್ಧತಿಯನ್ನು ಕೈಬಿಟ್ಟಿದೆ, ಆದರೆ ಹಳೆಯ ಫಾರ್ಮುಗಳು ಇನ್ನೂ ಚಾಲ್ತಿಯಲ್ಲಿವೆ.

ಮೂರನೆಯದು, ಬರೀ ಗೆರೆ ಇರುವ ಫಾರ್ಮ್. ಎಲ್ಲಿ ಕ್ಲಿಕ್ ಮಾಡಿದರೂ ಕಾಲಂ ತೆರೆಯುವುದಿಲ್ಲ. ಆದರೆ ಅಕ್ಷರಗಳ ಮೇಲೆ ಮೌಸ್ ಎಳೆದರೆ ಅವು ಆಯ್ಕೆಯಾಗುತ್ತವೆ, ಕಾಪಿ ಮಾಡಬಹುದು. ಕಾಗದದಲ್ಲಿ ಮುದ್ರಿಸಿ ಪೆನ್ನಿನಲ್ಲಿ ತುಂಬಲಿ ಅಂತ ಮಾಡಿದ ಫಾರ್ಮ್ ಇದು.

ನಾಲ್ಕನೆಯದು, ಸ್ಕ್ಯಾನ್ ಮಾಡಿದ ಫಾರ್ಮ್. ಮೌಸ್ ಎಳೆದರೆ ಒಂದಕ್ಷರವೂ ಆಯ್ಕೆಯಾಗುವುದಿಲ್ಲ, ಅಥವಾ ಇಡೀ ಪುಟ ಒಂದೇ ಚಿತ್ರವಾಗಿ ನೀಲಿಯಾಗುತ್ತದೆ. ಹಿಗ್ಗಿಸಿ ನೋಡಿದರೆ ಅಕ್ಷರದ ಅಂಚು ಚೂರುಚೂರಾಗಿ ಕಾಣುತ್ತದೆ.

ಇದರ ಜೊತೆಗೆ ಇನ್ನೊಂದು ನೋಟ ಬೇಕು. ರೀಡರ್‌ನಲ್ಲಿ ಕಂಟ್ರೋಲ್ ಮತ್ತು ಡಿ ಕೀ ಒಟ್ಟಿಗೆ ಒತ್ತಿ (ಮ್ಯಾಕ್‌ನಲ್ಲಿ ಕಮಾಂಡ್ ಮತ್ತು ಡಿ), ಬರುವ ಕಿಟಕಿಯಲ್ಲಿ ಸೆಕ್ಯೂರಿಟಿ ಅನ್ನುವ ಭಾಗ ತೆರೆಯಿರಿ. ಮುದ್ರಿಸುವುದು, ತಿದ್ದುವುದು, ಕಾಲಂ ತುಂಬುವುದು, ಸಹಿ ಮಾಡುವುದು, ಹೀಗೆ ಪ್ರತಿಯೊಂದರ ಎದುರಿಗೂ ಅನುಮತಿ ಇದೆಯೋ ಇಲ್ಲವೋ ಬರೆದಿರುತ್ತದೆ. ತುಂಬಲು ಅನುಮತಿ ಇದ್ದು ತಿದ್ದಲು ಇಲ್ಲದಿದ್ದರೆ, ಫಾರ್ಮ್ ಮಾಡಿದವರು ಬೇಕೆಂದೇ ಬೀಗ ಹಾಕಿದ್ದಾರೆ ಅಂತ ಅರ್ಥ. ಆ ಬೀಗ ಒಡೆಯುವ ಸಾಧನಗಳ ಹಿಂದೆ ಹೋಗಬೇಡಿ. ಕಳಿಸಿದವರನ್ನೇ ಕೇಳುವುದು ಸುಲಭ, ಸರಿಯಾದ ದಾರಿಯೂ ಅದೇ.

## ಹಂತ 2: ಮಾಡಬೇಕಾದ ಕೆಲಸವನ್ನು ಒಂದು ಸಾಲಿನಲ್ಲಿ ಬರೆಯಿರಿ

'ಪಿಡಿಎಫ್ ಎಡಿಟ್ ಮಾಡಬೇಕು' ಅಂತ ಹೇಳುವವರಲ್ಲಿ ಬಹಳ ಜನರಿಗೆ ಬೇಕಾಗಿರುವುದು ಎಡಿಟಿಂಗ್ ಅಲ್ಲ, ತುಂಬುವುದು. ಈ ಎರಡರ ಬೆಲೆಯಲ್ಲಿ ದೊಡ್ಡ ಅಂತರ ಇದೆ.

ಇರುವ ಕಾಲಂಗಳಲ್ಲಿ ಬರೆಯುವುದು, ಟಿಕ್ ಹಾಕುವುದು, ಸಹಿಯ ಚಿತ್ರ ಇಡುವುದು, ಪುಟ ಸೇರಿಸುವುದು, ತೆಗೆಯುವುದು, ಇವೆಲ್ಲ ಖರ್ಚಿಲ್ಲದ ಕೆಲಸ. ಹೊಸದಾಗಿ ತುಂಬುವ ಫಾರ್ಮ್ ತಯಾರಿಸುವುದಕ್ಕೂ ಹಣ ಬೇಕಿಲ್ಲ, ತಾಳ್ಮೆ ಬೇಕು. ಈಗಾಗಲೇ ಮುದ್ರಿತವಾಗಿರುವ ವಾಕ್ಯವನ್ನು ಅದೇ ಫಾಂಟ್, ಅದೇ ಸಾಲಿನಲ್ಲಿ ಬದಲಿಸುವುದು, ಯಾರೋ ಮಾಡಿದ ಫಾರ್ಮಿನ ಕಾಲಂಗಳನ್ನೇ ತಿದ್ದುವುದು, ಇಂಥವು ದಿನವೂ ಬಂದರೆ ಮಾತ್ರ ಹಣ ಕೊಡುವ ಸಾಫ್ಟ್‌ವೇರ್ ಬಗ್ಗೆ ಯೋಚಿಸಿ.

ಕೆಲಸ ವರ್ಷಕ್ಕೆ ಎಷ್ಟು ಸಲ ಬರುತ್ತದೆ ಅನ್ನುವುದನ್ನೂ ಆ ಸಾಲಿನ ಪಕ್ಕ ಬರೆದುಕೊಳ್ಳಿ. ಹಂತ 8ರಲ್ಲಿ ಅದು ಬೇಕಾಗುತ್ತದೆ.

## ಹಂತ 3: ಕಾಲಂ ಇರುವ ಫಾರ್ಮನ್ನು ಇರುವ ಸಾಧನದಲ್ಲೇ ತುಂಬಿ

ಅಕ್ರೋಫಾರ್ಮ್ ಆಗಿದ್ದರೆ ಬ್ರೌಸರ್, ರೀಡರ್, ಮ್ಯಾಕ್‌ನ ಪ್ರಿವ್ಯೂ, ಲಿನಕ್ಸ್‌ನ ಓಕ್ಯುಲರ್, ಎಲ್ಲದರಲ್ಲೂ ತುಂಬಬಹುದು. ಆದರೂ ನನ್ನ ಸಲಹೆ ರೀಡರ್. ಕೆಲವು ಫಾರ್ಮುಗಳ ಒಳಗೆ ಜಾವಾಸ್ಕ್ರಿಪ್ಟ್ ಇರುತ್ತದೆ. ಮೊತ್ತ ತಾನೇ ಕೂಡಿಕೊಳ್ಳುವುದು, ತಾರೀಖಿನ ಮಾದರಿ ತಪ್ಪಿದರೆ ಎಚ್ಚರಿಸುವುದು, ಒಂದು ಆಯ್ಕೆ ಮಾಡಿದಾಗ ಇನ್ನೊಂದು ಕಾಲಂ ತೆರೆಯುವುದು, ಇವೆಲ್ಲ ಅದರ ಕೆಲಸ. ಸರಳ ವೀಕ್ಷಕಗಳಲ್ಲಿ ಇದು ಅರ್ಧಂಬರ್ಧ ನಡೆಯುತ್ತದೆ ಅಥವಾ ನಡೆಯುವುದೇ ಇಲ್ಲ. ಎರಡು ಸಂಖ್ಯೆ ಹಾಕಿದ ಮೇಲೂ ಒಟ್ಟು ಮೊತ್ತದ ಕಾಲಂ ಖಾಲಿಯೇ ಉಳಿದರೆ ಅಲ್ಲೇ ನಿಲ್ಲಿಸಿ, ರೀಡರ್‌ನಲ್ಲಿ ತೆರೆಯಿರಿ. ಕೈಯಿಂದ ಮೊತ್ತ ಬರೆಯಲು ಹೋಗಬೇಡಿ.

ಎಕ್ಸ್‌ಎಫ್‌ಎ ಆಗಿದ್ದರೆ ರೀಡರ್ ಅಥವಾ ಫಾಕ್ಸಿಟ್ ರೀಡರ್ ಬಳಸಿ, ಕಂಪ್ಯೂಟರಿನಲ್ಲೇ ಬಳಸಿ. ಫೈರ್‌ಫಾಕ್ಸ್‌ನ ಈಚಿನ ಆವೃತ್ತಿಗಳೂ ಇದನ್ನು ತೆರೆಯುತ್ತವೆ. ಫೋನಿನಲ್ಲಿ ಇದರ ಜೊತೆ ಗುದ್ದಾಡುವುದು ಸುಮ್ನೆ ಹೊತ್ತು ಹಾಳು.

ಈಗ ಅತಿ ಸಾಮಾನ್ಯ ತಪ್ಪು. ಬ್ರೌಸರಿನಲ್ಲಿ ತುಂಬಿ, ಟ್ಯಾಬ್ ಮುಚ್ಚುವುದು. ತುಂಬಿದ್ದೆಲ್ಲ ಹೋಯಿತು. ಕ್ರೋಮ್‌ನಲ್ಲಿ ಡೌನ್‌ಲೋಡ್ ಗುರುತು ಒತ್ತಿದಾಗ ಎರಡು ಆಯ್ಕೆ ಬರುತ್ತವೆ, ನಿಮ್ಮ ಬದಲಾವಣೆಗಳೊಂದಿಗೆ ಒಂದು, ಬದಲಾವಣೆ ಇಲ್ಲದೆ ಇನ್ನೊಂದು. ಆತುರದಲ್ಲಿ ಎರಡನೆಯದನ್ನು ಒತ್ತಿ ಖಾಲಿ ಫೈಲ್ ಕಳಿಸಿದವರು ಬಹಳ ಜನ. ಹಾಗಾಗಿ ಮೊದಲ ಮೂರು ಕಾಲಂ ತುಂಬಿದ ಕೂಡಲೇ ಒಮ್ಮೆ ಸೇವ್ ಮಾಡಿ, ಮುಚ್ಚಿ, ಎರಡನೆಯ ಸಾಫ್ಟ್‌ವೇರ್‌ನಲ್ಲಿ ತೆರೆದು ನೋಡಿ. ಮೂರೂ ಕಂಡರೆ ಮುಂದುವರಿಯಿರಿ. ಹತ್ತು ಪುಟ ತುಂಬಿದ ಮೇಲೆ ಮಾಡುವ ಪರೀಕ್ಷೆಯಿಂದ ಬರೀ ಹೊಟ್ಟೆ ಉರಿಯುತ್ತದೆ ಅಷ್ಟೇ, ಅಲ್ವಾ?

ಕೆಲವೊಮ್ಮೆ ರೀಡರ್ ಒಂದು ಎಚ್ಚರಿಕೆ ಕೊಡುತ್ತದೆ, ಈ ಫೈಲಿಗೆ ವಿಶೇಷ ಸೌಲಭ್ಯಗಳನ್ನು ಕೊಡಲಾಗಿತ್ತು, ಆಮೇಲೆ ಫೈಲ್ ಬದಲಾಗಿದೆ, ಇನ್ನು ಆ ಸೌಲಭ್ಯ ಸಿಗುವುದಿಲ್ಲ ಅಂತ. ಬೇರೆ ಸಾಫ್ಟ್‌ವೇರ್‌ನಲ್ಲಿ ಸೇವ್ ಮಾಡಿದ್ದೇ ಇದಕ್ಕೆ ಸಾಮಾನ್ಯ ಕಾರಣ. ಆ ಫೈಲನ್ನು ರಿಪೇರಿ ಮಾಡುವ ಪ್ರಯತ್ನ ಬೇಡ. ಮೂಲ ಫೈಲಿನ ಹೊಸ ನಕಲು ತೆಗೆದು ರೀಡರ್‌ನಲ್ಲೇ ಮೊದಲಿಂದ ತುಂಬಿ.

## ಹಂತ 4: ಬರೀ ಗೆರೆ ಇರುವ ಫಾರ್ಮಿನ ಮೇಲೆ ಬರೆಯುವುದು

ಇಲ್ಲಿ ಕಾಲಂ ಇಲ್ಲ. ಪುಟದ ಮೇಲೆ ಅಕ್ಷರ ಕೂರಿಸಬೇಕು. ಇದಕ್ಕಾಗಿಯೇ ಜನ ದುಬಾರಿ ಎಡಿಟರ್ ಕೊಳ್ಳುತ್ತಾರೆ. ಅಗತ್ಯವೇ ಇಲ್ಲ.

ರೀಡರ್‌ನಲ್ಲಿ 'ಫಿಲ್ ಅಂಡ್ ಸೈನ್' ಅನ್ನುವ ಸಾಧನ ಉಚಿತವಾಗಿಯೇ ಇದೆ. ಬೇಕಾದ ಜಾಗದಲ್ಲಿ ಕ್ಲಿಕ್ ಮಾಡಿ ಬರೆಯಬಹುದು, ಟಿಕ್ ಗುರುತು ಇಡಬಹುದು, ಸಹಿ ಹಾಕಬಹುದು. 2022ರಲ್ಲಿ ಬಂದ 106ನೇ ಆವೃತ್ತಿಯಿಂದ ಫೈರ್‌ಫಾಕ್ಸ್‌ನಲ್ಲೂ ಪಿಡಿಎಫ್ ಮೇಲೆ ಅಕ್ಷರ ಬರೆಯುವ, ಗೆರೆ ಎಳೆಯುವ ಸಾಧನ ಇದೆ. ಮೇಲಿನ ಪಟ್ಟಿಯ ಬಲಗಡೆ ನೋಡಿ. ಮ್ಯಾಕ್‌ನ ಪ್ರಿವ್ಯೂನಲ್ಲಿ ಮಾರ್ಕಪ್ ಪಟ್ಟಿ ಇದೆ. ಬಿಳಿ ಕಾಗದದ ಮೇಲೆ ಮಾಡಿದ ಸಹಿಯನ್ನು ಕ್ಯಾಮೆರಾ ಮುಂದೆ ಹಿಡಿದರೆ ಅದು ಸಹಿಯನ್ನು ಮಾತ್ರ ಬಿಡಿಸಿ ಉಳಿಸಿಕೊಳ್ಳುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಸಿಗುವ ಕ್ಸೋರ್ನಲ್++ ಕೂಡ ಈ ಕೆಲಸಕ್ಕೆ ಬಹಳ ಒಳ್ಳೆಯದು, ಅದು ಮುಕ್ತ ತಂತ್ರಾಂಶ.

ಬರೆಯುವಾಗ ಒಂದು ವಿಷಯ ಗಮನದಲ್ಲಿರಲಿ. ಪ್ರತಿ ಅಕ್ಷರಕ್ಕೂ ಒಂದೊಂದು ಚೌಕ ಇರುವ ಜಾಗ ಇರುತ್ತದಲ್ಲ, ಅಲ್ಲಿ ಒಟ್ಟಿಗೆ ಟೈಪ್ ಮಾಡಿದರೆ ಅಕ್ಷರಗಳು ಚೌಕದ ಗೆರೆ ಮೇಲೆ ಕೂರುತ್ತವೆ. ರೀಡರ್‌ನ ಫಿಲ್ ಅಂಡ್ ಸೈನ್‌ನಲ್ಲಿ ಅಕ್ಷರಗಳ ನಡುವಿನ ಅಂತರ ಹೆಚ್ಚಿಸುವ ಆಯ್ಕೆ ಇದೆ, ಅದನ್ನು ಬಳಸಿ. ಸ್ಪೇಸ್ ಒತ್ತಿ ಒತ್ತಿ ಹೊಂದಿಸಲು ಹೋದರೆ ನಿಮ್ಮ ಪರದೆಯಲ್ಲಿ ಸರಿಯಾಗಿ ಕಂಡದ್ದು ಬೇರೆಯವರ ಪರದೆಯಲ್ಲಿ ಸರಿದಿರುತ್ತದೆ.

## ಹಂತ 5: ಸ್ಕ್ಯಾನ್ ಮಾಡಿದ ಫಾರ್ಮ್

ಮೇಲೆ ಬರೆಯುವುದಷ್ಟೇ ಬೇಕಾದರೆ ಹಂತ 4 ಸಾಕು, ಚಿತ್ರದ ಮೇಲೂ ಅಕ್ಷರ ಕೂರುತ್ತದೆ. ಒಳಗಿನ ಬರಹವನ್ನು ಹುಡುಕಬೇಕು, ಕಾಪಿ ಮಾಡಬೇಕು ಅಂದರೆ ಓಸಿಆರ್ ಬೇಕು. ಅದು ಚಿತ್ರದಲ್ಲಿರುವ ಅಕ್ಷರವನ್ನು ಗುರುತಿಸಿ ಪಠ್ಯವಾಗಿ ಬದಲಿಸುವ ತಂತ್ರ. ಟೆಸರಾಕ್ಟ್ ಅನ್ನುವ ಉಚಿತ ಓಸಿಆರ್ ಕನ್ನಡವನ್ನೂ ಓದುತ್ತದೆ, ಕನ್ನಡದ ಭಾಷಾ ಫೈಲನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು. ಕಮಾಂಡ್ ಬರೆಯಲು ಹೆದರದವರಿಗೆ ಅದರ ಮೇಲೆಯೇ ಕಟ್ಟಿದ ಓಸಿಆರ್‌ಮೈಪಿಡಿಎಫ್ ಇದೆ. ಚಿತ್ರವನ್ನು ಹಾಗೇ ಇಟ್ಟು ಅದರ ಹಿಂದೆ ಹುಡುಕಬಹುದಾದ ಪಠ್ಯ ಸೇರಿಸುತ್ತದೆ.

ಓರೆಯಾಗಿ ತೆಗೆದ ಫೋಟೊ, ನೆರಳು ಬಿದ್ದ ಪುಟ ಕೊಟ್ಟರೆ ಯಾವ ಓಸಿಆರ್ ಆದರೂ ತಪ್ಪು ಓದುತ್ತದೆ. 300 ಡಿಪಿಐನಲ್ಲಿ (ಒಂದು ಇಂಚಿಗೆ 300 ಚುಕ್ಕೆ) ನೇರವಾಗಿ ಸ್ಕ್ಯಾನ್ ಮಾಡಿ. ಅಂಕಿಗಳನ್ನಂತೂ ಕಣ್ಣಾರೆ ಪರಿಶೀಲಿಸಿ.

## ಹಂತ 6: ಫಾರ್ಮಿನಲ್ಲಿ ಕನ್ನಡ ಬರೆಯಬೇಕಾದಾಗ

ಕನ್ನಡಿಗರು ಜಾಸ್ತಿ ಸೋಲುವುದು ಇಲ್ಲೇ. ಕಾಲಂನಲ್ಲಿ ಟೈಪ್ ಮಾಡುವಾಗ 'ಕೃಷ್ಣಪ್ಪ' ಅಂತ ಚೆನ್ನಾಗಿಯೇ ಕಾಣುತ್ತದೆ, ಕಾಲಂನಿಂದ ಹೊರಗೆ ಕ್ಲಿಕ್ ಮಾಡಿದ ಕೂಡಲೇ ಖಾಲಿ ಚೌಕಗಳಾಗುತ್ತದೆ, ಅಥವಾ ಒತ್ತಕ್ಷರಗಳು ಬಿಡಿಬಿಡಿಯಾಗಿ ಪಕ್ಕಪಕ್ಕ ನಿಲ್ಲುತ್ತವೆ.

ಕಾರಣ ಎರಡು. ಫಾರ್ಮ್ ಮಾಡಿದವರು ಕಾಲಂಗೆ ಒಂದು ಫಾಂಟ್ ನಿಗದಿ ಮಾಡಿರುತ್ತಾರೆ, ಅದು ಸಾಮಾನ್ಯವಾಗಿ ಹೆಲ್ವೆಟಿಕಾ. ಅದರಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಎರಡನೆಯದು, ಕನ್ನಡ ಲಿಪಿಗೆ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಸಾಲದು. ವ್ಯಂಜನ, ವಿರಾಮ, ಒತ್ತು, ಸ್ವರಚಿಹ್ನೆ ಎಲ್ಲ ಸೇರಿ ಒಂದು ರೂಪ ಆಗಬೇಕು. ಈ ಜೋಡಣೆಯನ್ನು ಎಲ್ಲ ಪಿಡಿಎಫ್ ಸಾಫ್ಟ್‌ವೇರ್‌ಗಳೂ ಕಾಲಂ ಒಳಗೆ ಮಾಡುವುದಿಲ್ಲ. ಹಣ ಕೊಟ್ಟು ಕೊಂಡದ್ದು ಮಾಡುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಹಾಗಾಗಿ ಈ ಒಂದೇ ಕಾರಣಕ್ಕೆ ಪರೀಕ್ಷೆ ಮಾಡದೆ ಯಾವುದನ್ನೂ ಕೊಳ್ಳಬೇಡಿ.

ಪರಿಹಾರದ ಕ್ರಮ ಹೀಗಿರಲಿ:

1. ಮೊದಲು ಕಾಲಂನಲ್ಲೇ ಯೂನಿಕೋಡ್ (ಎಲ್ಲ ಸಾಧನಗಳೂ ಒಂದೇ ಥರ ಗುರುತಿಸುವ ಅಕ್ಷರ ಸಂಕೇತ) ಕನ್ನಡದಲ್ಲಿ ಒಂದು ಕಷ್ಟದ ಪದ ಬರೆದು ನೋಡಿ. 'ಸ್ತ್ರೀ', 'ರಾಷ್ಟ್ರ', 'ಅರ್ಥ' ಈ ಮೂರು ಸಾಕು. ಒತ್ತು ಮತ್ತು ಅರ್ಕಾವತ್ತು ಎರಡರ ಪರೀಕ್ಷೆಯೂ ಆಗಿಬಿಡುತ್ತದೆ.
2. ಸೇವ್ ಮಾಡಿ ಎರಡನೆಯ ಸಾಫ್ಟ್‌ವೇರ್‌ನಲ್ಲಿ ತೆರೆಯಿರಿ. ಅಲ್ಲೂ ಸರಿಯಾಗಿದ್ದರೆ ಹೀಗೇ ತುಂಬಿ.
3. ಒಡೆದು ಕಂಡರೆ ಕ್ಸೋರ್ನಲ್++ನಲ್ಲಿ ತೆರೆದು, ನೋಟೊ ಸಾನ್ಸ್ ಕನ್ನಡದಂಥ ಫಾಂಟ್ ಆರಿಸಿ, ಫಾರ್ಮಿನ ಮೇಲೆಯೇ ಬರೆಯಿರಿ. ಅದರ ಅಕ್ಷರ ಜೋಡಣೆ ಚೆನ್ನಾಗಿದೆ. ಮುಗಿದ ಮೇಲೆ ಪಿಡಿಎಫ್ ಆಗಿ ಎಕ್ಸ್‌ಪೋರ್ಟ್ ಮಾಡಿ.
4. ಅದೂ ಆಗದಿದ್ದರೆ ಲಿಬ್ರೆಆಫೀಸ್ ಅನ್ನುವ ಉಚಿತ ಆಫೀಸ್ ಸಾಫ್ಟ್‌ವೇರ್‌ನಲ್ಲಿ ಪದಗಳನ್ನು ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರವಾಗಿ ತೆಗೆದು, ಆ ಚಿತ್ರವನ್ನು ಫಾರ್ಮಿನ ಮೇಲೆ ಇಡಿ.

ಕೊನೆಯ ಎರಡು ದಾರಿಗಳಲ್ಲಿ ನೀವು ಬರೆದದ್ದು ಕಾಲಂ ಒಳಗೆ ಇರುವುದಿಲ್ಲ, ಪುಟದ ಮೇಲೆ ಇರುತ್ತದೆ. ಮನುಷ್ಯರು ಓದುವ ಫಾರ್ಮಿಗೆ ಇದು ನಡೆಯುತ್ತದೆ. ಕಂಪ್ಯೂಟರ್ ತಾನೇ ಕಾಲಂಗಳನ್ನು ಓದಿಕೊಳ್ಳುವ ಫಾರ್ಮಿಗೆ ನಡೆಯುವುದಿಲ್ಲ.

ಹಳೆಯ ಕನ್ನಡ ಪಿಡಿಎಫ್‌ನಿಂದ ವಾಕ್ಯ ಕಾಪಿ ಮಾಡಿ ಅಂಟಿಸಿದಾಗ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಬಂದರೆ, ಅದು ಯೂನಿಕೋಡ್ ಬರುವ ಮೊದಲಿನ ಫಾಂಟಿನಲ್ಲಿ ಮಾಡಿದ್ದು. ಅದನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಂಡೇ ಮುಂದೆ ಹೋಗಬೇಕು.

## ಹಂತ 7: ಮುದ್ರಿತ ವಾಕ್ಯ ತಿದ್ದುವುದು, ಹೊಸ ಫಾರ್ಮ್ ಮಾಡುವುದು

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಈ ಪಿಡಿಎಫ್ ತಯಾರಾದ ಮೂಲ ವರ್ಡ್ ಫೈಲ್ ಎಲ್ಲಾದರೂ ಇದೆಯೇ? ಇದ್ದರೆ ಅದನ್ನು ತಿದ್ದಿ ಮತ್ತೆ ಪಿಡಿಎಫ್ ಮಾಡಿ. ಪಿಡಿಎಫ್ ಒಳಗೆ ಕೈ ಹಾಕುವುದು ಕೊನೆಯ ದಾರಿ ಆಗಿರಲಿ.

ಮೂಲ ಇಲ್ಲದಿದ್ದರೆ ಲಿಬ್ರೆಆಫೀಸ್ ಡ್ರಾ ಉಚಿತವಾಗಿ ಪಿಡಿಎಫ್ ತೆರೆಯುತ್ತದೆ. ಆದರೆ ಸಾಲುಗಳು ಬೇರೆ ಬೇರೆ ಪೆಟ್ಟಿಗೆಗಳಾಗಿ ಬರುತ್ತವೆ, ನಿಮ್ಮಲ್ಲಿ ಇಲ್ಲದ ಫಾಂಟಿನ ಜಾಗಕ್ಕೆ ಬೇರೆ ಫಾಂಟ್ ಬಂದು ಸಾಲು ಉದ್ದವಾಗಿ ಅಂಚು ದಾಟುತ್ತದೆ. ಒಂದು ತಾರೀಖು, ಒಂದು ಹೆಸರು ಬದಲಿಸಲು ಸಾಕು, ಇಡೀ ಪ್ಯಾರಾ ಬದಲಿಸಲು ಬೇಡ. ವರ್ಡ್ ಇರುವವರು 2013ರ ಆವೃತ್ತಿಯಿಂದ ಈಚೆಗೆ ಯಾವುದರಲ್ಲಾದರೂ ಪಿಡಿಎಫ್ ತೆರೆಯಬಹುದು, ಅದು ಫೈಲನ್ನು ವರ್ಡ್ ರೂಪಕ್ಕೆ ತಿರುಗಿಸುತ್ತದೆ. ಸರಳ ಪತ್ರಗಳಿಗೆ ಚೆನ್ನಾಗಿದೆ. ಕೋಷ್ಟಕ, ಚೌಕ ತುಂಬಿದ ಫಾರ್ಮ್ ಆದರೆ ಚೆಲ್ಲಾಪಿಲ್ಲಿ ಆಗುತ್ತದೆ. ಪುಟ ಬೇರ್ಪಡಿಸಲು, ಜೋಡಿಸಲು, ತಿರುಗಿಸಲು ಪಿಡಿಎಫ್‌ಸ್ಯಾಮ್ ಬೇಸಿಕ್ ಅಥವಾ ಪಿಡಿಎಫ್ ಅರೇಂಜರ್ ಸಾಕು.

ಇಬ್ಬರು ಮೂವರು ತುಂಬಬೇಕಾದ ಹೊಸ ಫಾರ್ಮನ್ನು ಲಿಬ್ರೆಆಫೀಸ್ ರೈಟರ್‌ನಲ್ಲಿ ಮಾಡಿ. ಇದರ ಕ್ರಮ ತಪ್ಪಿದರೆ ಕಾಲಂಗಳೇ ಬರುವುದಿಲ್ಲ, ಹಾಗಾಗಿ ನಿಧಾನವಾಗಿ ನೋಡಿ:

1. ಮೊದಲು ಬರಹ, ಕೋಷ್ಟಕ, ಶೀರ್ಷಿಕೆ ಎಲ್ಲ ಮುಗಿಸಿ. ಕಾಲಂ ಇಟ್ಟ ಮೇಲೆ ಬರಹ ತಿದ್ದಿದರೆ ಕಾಲಂಗಳು ಜಾಗ ತಪ್ಪುತ್ತವೆ.
2. ಫಾರ್ಮ್ ಮೆನುವಿನಲ್ಲಿ ಡಿಸೈನ್ ಮೋಡ್ ಚಾಲೂ ಮಾಡಿ. ಟೆಕ್ಸ್ಟ್ ಬಾಕ್ಸ್ ಆರಿಸಿ, ಮೌಸ್ ಎಳೆದು ಪೆಟ್ಟಿಗೆ ಬಿಡಿಸಿ.
3. ಪೆಟ್ಟಿಗೆ ಮೇಲೆ ಎರಡು ಸಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದು, ಪ್ರತಿ ಕಾಲಂಗೂ ಬೇರೆ ಹೆಸರು ಕೊಡಿ. ಒಂದೇ ಹೆಸರಿನ ಎರಡು ಕಾಲಂ ಇದ್ದರೆ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ತಾನಾಗಿ ಮೂಡಬಹುದು.
4. ಟ್ಯಾಬ್ ಒತ್ತಿದಾಗ ಯಾವುದರಿಂದ ಯಾವುದಕ್ಕೆ ಹೋಗಬೇಕು ಅನ್ನುವ ಕ್ರಮವನ್ನು ಹೊಂದಿಸಿ.
5. ಪಿಡಿಎಫ್ ಆಗಿ ಎಕ್ಸ್‌ಪೋರ್ಟ್ ಮಾಡುವಾಗ ಬರುವ ಕಿಟಕಿಯಲ್ಲಿ 'ಕ್ರಿಯೇಟ್ ಪಿಡಿಎಫ್ ಫಾರ್ಮ್' ಅನ್ನುವ ಚೌಕದಲ್ಲಿ ಟಿಕ್ ಇದೆಯೇ ನೋಡಿ. ಮುದ್ರಣದ ಮೂಲಕ ಪಿಡಿಎಫ್ ಮಾಡಿದರೆ ಕಾಲಂಗಳೆಲ್ಲ ಬರೀ ಚಿತ್ರವಾಗುತ್ತವೆ.

ಎಕ್ಸ್‌ಪೋರ್ಟ್ ಕಿಟಕಿಯಲ್ಲೇ ಹೈಬ್ರಿಡ್ ಪಿಡಿಎಫ್ ಅನ್ನುವ ಆಯ್ಕೆಯೂ ಇದೆ. ಪಿಡಿಎಫ್ ಒಳಗೇ ಮೂಲ ಫೈಲೂ ಕೂತಿರುತ್ತದೆ, ಮುಂದೆ ಲಿಬ್ರೆಆಫೀಸ್‌ನಲ್ಲಿ ತೆರೆದು ತಿದ್ದಬಹುದು. ನಿಮ್ಮ ಬಳಿ ಇಟ್ಟುಕೊಳ್ಳುವ ಪ್ರತಿಗೆ ಇದು ಒಳ್ಳೆಯದು, ಹೊರಗೆ ಕಳಿಸುವ ಪ್ರತಿಗೆ ಬೇಡ.

## ಹಂತ 8: ಉಚಿತ ಅನ್ನುವ ಮಾತನ್ನು ಪರೀಕ್ಷಿಸಿ, ಆಮೇಲೆ ಹಣ

ಮೇಲಿನ ಯಾವುದರಿಂದಲೂ ಕೆಲಸ ಆಗಲಿಲ್ಲ ಅಂದರೆ ಮಾತ್ರ ಇಲ್ಲಿಗೆ ಬನ್ನಿ. ಹೊಸ ಸಾಫ್ಟ್‌ವೇರ್ ಇಳಿಸಿಕೊಂಡಾಗ ನಿಮ್ಮ ನಿಜವಾದ ಫಾರ್ಮಿನ ಒಂದು ಪುಟ ತೆಗೆದುಕೊಂಡು, ಸುಳ್ಳು ಹೆಸರು ಹಾಕಿ, ಸೇವ್ ಮಾಡಿ, ಎರಡನೆಯ ಸಾಫ್ಟ್‌ವೇರ್‌ನಲ್ಲಿ ತೆರೆಯಿರಿ. ವಾಟರ್‌ಮಾರ್ಕ್ ಇದೆಯೇ, ಪುಟದ ಮಿತಿ ಇದೆಯೇ, ಸೇವ್‌ಗೆ ಖಾತೆ ತೆರೆಯಲು ಹೇಳುತ್ತದೆಯೇ, ಎಲ್ಲ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಪಿಡಿಎಫ್-ಎಕ್ಸ್‌ಚೇಂಜ್ ಎಡಿಟರ್‌ನಂಥವುಗಳಲ್ಲಿ ಹೆಚ್ಚಿನ ಸಾಧನಗಳು ಉಚಿತ, ಕೆಲವನ್ನು ಬಳಸಿದರೆ ಮಾತ್ರ ಪುಟದ ಮೇಲೆ ಗುರುತು ಬೀಳುತ್ತದೆ. ಯಾವುದಕ್ಕೆ ಬೀಳುತ್ತದೆ ಅಂತ ಮೊದಲೇ ನೋಡಿಕೊಂಡು ಬಳಸಿದರೆ ಅದು ವಿಂಡೋಸ್‌ನಲ್ಲಿ ಬಹಳ ಉಪಯುಕ್ತ.

ಫೈಲನ್ನು ಅಪ್‌ಲೋಡ್ ಮಾಡಿಸಿಕೊಂಡು ತಿದ್ದಿಕೊಡುವ ತಾಣಗಳ ಬಗ್ಗೆ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಗುರುತಿನ ಸಂಖ್ಯೆ, ಬ್ಯಾಂಕ್ ವಿವರ, ಆರೋಗ್ಯದ ವಿವರ, ಸಹಿ ಇರುವ ಯಾವ ಫೈಲನ್ನೂ ಅಲ್ಲಿ ಹಾಕಬೇಡಿ. ಕೆಲವು ಗಂಟೆಗಳಲ್ಲಿ ಅಳಿಸುತ್ತೇವೆ ಅಂತ ಅವರು ಬರೆದಿರುತ್ತಾರೆ, ಅಳಿಸಿದ್ದನ್ನು ನೋಡುವ ದಾರಿ ನಮಗಿಲ್ಲ. ಹೆಸರಾಂತ ತಾಣಗಳನ್ನು ಅನುಕರಿಸುವ ನಕಲಿ ತಾಣಗಳೂ ಇವೆ. ಉಚಿತ ಫೈಲ್ ಪರಿವರ್ತಕ ತಾಣಗಳ ಮೂಲಕ ಕಂಪ್ಯೂಟರಿಗೆ ಮಾಲ್‌ವೇರ್ ಸೇರಿಸುವ, ಫೈಲಿನಿಂದ ಖಾಸಗಿ ಮಾಹಿತಿ ಕದಿಯುವ ವಂಚನೆ ನಡೆಯುತ್ತಿದೆ ಅಂತ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ಡೆನ್ವರ್ ಕಚೇರಿ 2025ರ ಮಾರ್ಚ್‌ನಲ್ಲಿ ಎಚ್ಚರಿಕೆ ಕೊಟ್ಟಿತ್ತು. ಕಚೇರಿಯಲ್ಲಿ ಹಲವರಿಗೆ ಇಂಥ ಸೌಲಭ್ಯ ಬೇಕಾದರೆ ಸ್ಟಿರ್ಲಿಂಗ್ ಪಿಡಿಎಫ್ ಅನ್ನು ನಿಮ್ಮದೇ ಯಂತ್ರದಲ್ಲಿ ಕೂರಿಸಿಕೊಳ್ಳಬಹುದು, ಆಗ ಫೈಲ್ ಹೊರಗೆ ಹೋಗುವುದಿಲ್ಲ.

ಡೌನ್‌ಲೋಡ್ ಮಾಡುವಾಗ ಇವು ಕಂಡರೆ ಹಿಂದೆ ಸರಿಯಿರಿ:

- ಇಳಿದದ್ದು ನೀವು ಕೇಳಿದ ಸಾಫ್ಟ್‌ವೇರ್ ಬದಲು ಒಂದು ಚಿಕ್ಕ 'ಡೌನ್‌ಲೋಡರ್'
- ಅನುಸ್ಥಾಪನೆಯ ನಡುವೆ ಬೇರೆ ಸಾಫ್ಟ್‌ವೇರ್‌ಗೆ ಮೊದಲೇ ಹಾಕಿಟ್ಟ ಟಿಕ್
- ಪಿಡಿಎಫ್ ತೆರೆಯಲು ಬ್ರೌಸರಿಗೆ ಸೇರಿಸುವ ವಿಸ್ತರಣೆ (ಎಕ್ಸ್‌ಟೆನ್ಶನ್) ನೀವು ನೋಡುವ ಎಲ್ಲ ತಾಣಗಳ ಮಾಹಿತಿಗೂ ಅನುಮತಿ ಕೇಳುವುದು
- ಉಚಿತ ಪ್ರಯೋಗಕ್ಕೂ ಕಾರ್ಡ್ ಸಂಖ್ಯೆ ಕೇಳಿ, ರದ್ದು ಮಾಡುವ ದಾರಿ ಎಲ್ಲೂ ಬರೆಯದಿರುವುದು

ಹಣ ಕೊಡಲು ನಿರ್ಧರಿಸಿದರೆ, ಹಂತ 2ರಲ್ಲಿ ಬರೆದ ಸಾಲನ್ನು ತೆಗೆಯಿರಿ. ವರ್ಷಕ್ಕೆ ಒಂದೆರಡು ಸಲದ ಕೆಲಸಕ್ಕೆ ಒಂದು ತಿಂಗಳ ಚಂದಾ ತೆಗೆದುಕೊಂಡು ನಿಲ್ಲಿಸುವುದು ಅಗ್ಗ. ಆದರೆ ಕಣ್ಣಿಟ್ಟು ಓದಿ, 'ವಾರ್ಷಿಕ ಯೋಜನೆ, ತಿಂಗಳಿಗೊಮ್ಮೆ ಪಾವತಿ' ಅಂದರೆ ಒಂದು ತಿಂಗಳ ಯೋಜನೆ ಅಲ್ಲ. ನಡುವೆ ಬಿಟ್ಟರೆ ದಂಡ ಬೀಳಬಹುದು. ದಿನವೂ ಕೆಲಸ ಇದ್ದರೆ ಒಮ್ಮೆ ಹಣ ಕೊಟ್ಟು ಶಾಶ್ವತವಾಗಿ ಬಳಸುವ ಪರವಾನಗಿ ಸಿಗುತ್ತದೆಯೇ ನೋಡಿ, ಅದು ಎಷ್ಟು ಯಂತ್ರಗಳಿಗೆ, ಮುಂದಿನ ಆವೃತ್ತಿಗೆ ಮತ್ತೆ ಹಣವೇ ಅಂತಲೂ ಕೇಳಿ. ಕೊಂಡ ದಿನವೇ ತಾನಾಗಿ ನವೀಕರಣ ಆಗುವ ಆಯ್ಕೆಯನ್ನು ಬಂದ್ ಮಾಡಿಬಿಡಿ, ಮುಗಿಯುವ ತಾರೀಖಿಗೆ ಫೋನಿನಲ್ಲಿ ನೆನಪೋಲೆ ಹಾಕಿ. ಪರವಾನಗಿಯ ಬೀಗ ಒಡೆದು ಹಂಚುವ (ಕ್ರ್ಯಾಕ್ ಮಾಡಿದ) ಸಾಫ್ಟ್‌ವೇರ್ ಹತ್ತಿರ ಹೋಗಬೇಡಿ, ಗುರುತಿನ ದಾಖಲೆಗಳನ್ನು ತೆರೆಯುವ ಸಾಧನವನ್ನು ಅಪರಿಚಿತರ ಕೈಗೆ ಕೊಟ್ಟ ಹಾಗೆ ಆಗುತ್ತದೆ.

## ಹಂತ 9: ಕಳಿಸುವ ಮೊದಲು

ತುಂಬಿದ ಫಾರ್ಮ್ ಅತ್ತ ಕಡೆ ಖಾಲಿ ಕಾಣುವುದು ಯಾಕೆ ಅಂತ ಈಗ ನೋಡೋಣ. ಕಾಲಂನಲ್ಲಿ ಎರಡು ಸಂಗತಿ ಇರುತ್ತವೆ, ನೀವು ಬರೆದ ಪದ ಒಂದು, ಅದು ಪುಟದ ಮೇಲೆ ಹೇಗೆ ಕಾಣಬೇಕು ಅನ್ನುವ ಚಿತ್ರಣ ಇನ್ನೊಂದು. ಕೆಲವು ಸಾಫ್ಟ್‌ವೇರ್ ಪದವನ್ನು ಮಾತ್ರ ಉಳಿಸಿ ಚಿತ್ರಣವನ್ನು ಬಿಟ್ಟುಬಿಡುತ್ತವೆ. ಆಗ ಬೇರೆ ವೀಕ್ಷಕದಲ್ಲಿ ಕಾಲಂ ಖಾಲಿ, ಅದರ ಮೇಲೆ ಕ್ಲಿಕ್ ಮಾಡಿದರೆ ಪದ ಕಾಣುತ್ತದೆ, ಹೊರಗೆ ಕ್ಲಿಕ್ ಮಾಡಿದರೆ ಮತ್ತೆ ಮಾಯ. ಇದು ಕಂಡರೆ ರೀಡರ್‌ನಲ್ಲಿ ತೆರೆದು, ಆ ಕಾಲಂಗಳಲ್ಲಿ ಒಂದಕ್ಷರ ಅಳಿಸಿ ಮತ್ತೆ ಬರೆದು, ಬೇರೆ ಹೆಸರಿನಲ್ಲಿ ಸೇವ್ ಮಾಡಿ.

ಇನ್ನೊಂದು ದಾರಿ ಫಾರ್ಮನ್ನು ಚಪ್ಪಟೆ ಮಾಡುವುದು, ಅಂದರೆ ಕಾಲಂಗಳನ್ನು ತೆಗೆದು ಬರಹವನ್ನು ಪುಟಕ್ಕೇ ಅಂಟಿಸುವುದು. ವಿಂಡೋಸ್‌ನ 'ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್' ಮೂಲಕ ಮುದ್ರಿಸಿದರೆ ಇದು ಆಗುತ್ತದೆ, ಮ್ಯಾಕ್‌ನ ಮುದ್ರಣ ಕಿಟಕಿಯಲ್ಲೂ ಪಿಡಿಎಫ್ ಆಗಿ ಉಳಿಸುವ ಆಯ್ಕೆ ಇದೆ. ಆಮೇಲೆ ಯಾರ ಪರದೆಯಲ್ಲಾದರೂ ಒಂದೇ ಥರ ಕಾಣುತ್ತದೆ. ಆದರೆ ಫಾರ್ಮಿನಲ್ಲಿ ಸಲ್ಲಿಸುವ ಬಟನ್, ಪರಿಶೀಲಿಸುವ ಬಟನ್, ತುಂಬಿದಂತೆ ಬದಲಾಗುವ ಬಾರ್‌ಕೋಡ್ ಇದ್ದರೆ ಚಪ್ಪಟೆ ಮಾಡಬೇಡಿ. ಅಂಥ ಫಾರ್ಮನ್ನು ಅತ್ತ ಕಡೆ ಯಂತ್ರ ಓದುತ್ತದೆ, ಕಾಲಂ ಇಲ್ಲದಿದ್ದರೆ ತಿರಸ್ಕಾರವಾಗಬಹುದು.

ಸಹಿಯ ವಿಷಯದಲ್ಲಿ ಎರಡನ್ನು ಬೆರೆಸಬೇಡಿ. ಸಹಿಯ ಚಿತ್ರ ಅಂಟಿಸುವುದು ಒಂದು, ಪ್ರಮಾಣಪತ್ರ ಆಧರಿಸಿದ ಡಿಜಿಟಲ್ ಸಹಿ ಇನ್ನೊಂದು. ಡಿಜಿಟಲ್ ಸಹಿ ಆದ ಮೇಲೆ ಕಾಲಂ ತಿದ್ದಿದರೆ ಸಹಿ ಅಮಾನ್ಯ ಅಂತ ತೋರಿಸಬಹುದು, ಮತ್ತೆ ಪಿಡಿಎಫ್ ಆಗಿ ಮುದ್ರಿಸಿದರೆ ಸಹಿ ಪೂರ್ತಿ ಹೋಗಿ ಅದರ ಚಿತ್ರ ಮಾತ್ರ ಉಳಿಯುತ್ತದೆ. ಹಾಗಾಗಿ ಅದು ಎಲ್ಲಕ್ಕಿಂತ ಕೊನೆಯ ಕೆಲಸ ಆಗಿರಲಿ.

ಯಾವುದಾದರೂ ಸಂಖ್ಯೆ ಮರೆಮಾಡಬೇಕಾದರೆ ಅದರ ಮೇಲೆ ಕಪ್ಪು ಚೌಕ ಎಳೆದು ಸುಮ್ಮನಾಗಬೇಡಿ. ಕೆಳಗಿನ ಅಕ್ಷರಗಳು ಅಲ್ಲೇ ಇರುತ್ತವೆ, ಆಯ್ಕೆ ಮಾಡಿ ಕಾಪಿ ಮಾಡಿದರೆ ಹೊರಗೆ ಬರುತ್ತವೆ. ಲಿಬ್ರೆಆಫೀಸ್‌ನ ಟೂಲ್ಸ್ ಮೆನುವಿನಲ್ಲಿ ರಿಡ್ಯಾಕ್ಟ್ ಅನ್ನುವ ಸಾಧನ 6.3ನೇ ಆವೃತ್ತಿಯಿಂದ ಇದೆ, ಅದು ಪುಟವನ್ನೇ ಚಿತ್ರವಾಗಿ ಮಾಡಿ ಕೆಳಗಿನ ಅಕ್ಷರ ಉಳಿಯದಂತೆ ತೆಗೆಯುತ್ತದೆ. ಮುಗಿದ ಮೇಲೆ ಆ ಕಪ್ಪು ಜಾಗವನ್ನು ಆಯ್ಕೆ ಮಾಡಿ, ಕಾಪಿ ಮಾಡಿ, ಖಾಲಿ ಪುಟದಲ್ಲಿ ಅಂಟಿಸಿ ನೋಡಿ. ಏನೂ ಬರದಿದ್ದರೆ ಸರಿ.

ಕೊನೆಗೆ ಫೈಲನ್ನು ನಿಮಗೇ ಮೇಲ್ ಮಾಡಿಕೊಂಡು ಫೋನಿನಲ್ಲಿ ತೆರೆಯಿರಿ. ಹೆಸರು, ತಾರೀಖು, ಟಿಕ್ ಗುರುತು, ಸಹಿ ನಾಲ್ಕೂ ಅಲ್ಲಿ ಕಂಡರೆ ಕಳಿಸಿ.